ಹಳೆ ಬ್ಲ್ಯಾಕ್ ಅಂಡ್ ವೈಟ್ ಟಿವಿಯಲ್ಲಿ ಚುಕ್ಕಿ ಚುಕ್ಕಿ ಚಿತ್ರ: ದುಬಾರಿ ಕೇಬಲ್ ಹಾಕಿದರೆ ಸರಿಹೋಗುತ್ತದೆಯೇ?

ಅಟ್ಟದಲ್ಲಿದ್ದ ಹಳೆ ಬ್ಲ್ಯಾಕ್ ಅಂಡ್ ವೈಟ್ ಟಿವಿಯನ್ನು ಕೆಳಗಿಳಿಸಿ ಡಿವಿಡಿ ಪ್ಲೇಯರ್ ಜೋಡಿಸಿದರೆ ಚಿತ್ರವೇನೋ ಬರುತ್ತದೆ. ಆದರೆ ಅದರ ಮೇಲೆಲ್ಲ ಸಣ್ಣ ಚುಕ್ಕಿಗಳ ಜಾಲರಿ. ಕೆಂಪು ಸೀರೆ, ನೀಲಿ ಅಕ್ಷರ ಬಂದ ಕಡೆ ಇನ್ನೂ ಜಾಸ್ತಿ. ಆಗ ಸಿಗುವ ಸಲಹೆ ಎರಡು: 'ಪಿಕ್ಚರ್ ಟ್ಯೂಬ್ ಹೋಗಿದೆ, ಗುಜರಿಗೆ ಹಾಕಿ', ಇಲ್ಲವೇ 'ಚಿನ್ನದ ಲೇಪನದ ಕೇಬಲ್ ತನ್ನಿ'. ಎರಡರಿಂದಲೂ ಚುಕ್ಕಿ ಹೋಗುವುದಿಲ್ಲ.

ಚುಕ್ಕಿಗೆ ಕಾರಣ ಬಣ್ಣ. ಭಾರತದಲ್ಲಿ 1982ರಲ್ಲಿ ದೂರದರ್ಶನ ಬಣ್ಣದ ಪ್ರಸಾರ ಶುರು ಮಾಡಿದಾಗ, ಮನೆಮನೆಯ ಕಪ್ಪು-ಬಿಳುಪು ಸೆಟ್‌ಗಳೂ ಅದೇ ಪ್ರಸಾರವನ್ನು ತೋರಿಸಬೇಕಿತ್ತು. ನಾವು ಬಳಸಿದ ಪಾಲ್ ಪದ್ಧತಿಯಲ್ಲಿ ಬೆಳಕಿನ ಸಿಗ್ನಲ್ ಮೊದಲಿನಂತೆಯೇ ಇರುತ್ತದೆ. ಬಣ್ಣದ ಮಾಹಿತಿಯನ್ನು ಸುಮಾರು 4.43 ಮೆಗಾಹರ್ಟ್ಸ್‌ನ ಅಲೆಯ ಮೇಲೆ ಕೂರಿಸಿ ಅದರೊಳಗೇ ಸೇರಿಸುತ್ತಾರೆ. ಕಲರ್ ಟಿವಿ ಆ ಅಲೆಯನ್ನು ಬೇರ್ಪಡಿಸಿ ಬಣ್ಣ ಮಾಡುತ್ತದೆ. ಹಳೆ ಟಿವಿಗೆ ಅದೇನೆಂದೇ ಗೊತ್ತಿಲ್ಲ. ಬೆಳಕೇ ವೇಗವಾಗಿ ಹೆಚ್ಚುಕಡಿಮೆ ಆಗುತ್ತಿದೆ ಎಂದುಕೊಂಡು ಚುಕ್ಕಿ ಬಿಡಿಸುತ್ತದೆ. ಪ್ಲೇಯರ್‌ನ ಹಳದಿ ಜಾಕ್‌ನಿಂದ ಬರುವುದೂ ಇದೇ ಬೆರಕೆ ಸಿಗ್ನಲ್.

ಅನುಮಾನವಿದ್ದರೆ 'ಬೇಡರ ಕಣ್ಣಪ್ಪ'ದಂಥ ಕಪ್ಪು-ಬಿಳುಪು ಸಿನಿಮಾ ಹಾಕಿ ನೋಡಿ. ಬಣ್ಣವಿಲ್ಲದ ಕಡೆ ಆ ಅಲೆಯೂ ಇರುವುದಿಲ್ಲ, ಹಾಗಾಗಿ ಚುಕ್ಕಿ ಮಾಯ. ಟ್ಯೂಬ್ ಕೆಟ್ಟಿದ್ದರೆ ಹೀಗಾಗುತ್ತಿರಲಿಲ್ಲ.

ಪರಿಹಾರವೂ ಇಲ್ಲೇ ಇದೆ. ಪ್ಲೇಯರ್‌ನ ಸೆಟ್ಟಿಂಗ್ಸ್‌ನಲ್ಲಿ ಕಲರ್ ಅಥವಾ ಸ್ಯಾಚುರೇಶನ್ ಇದ್ದರೆ ಸೊನ್ನೆಗೆ ಇಳಿಸಿ. ಲ್ಯಾಪ್‌ಟಾಪ್‌ನಿಂದ ಎಚ್‌ಡಿಎಂಐ-ಎವಿ ಕನ್ವರ್ಟರ್ ಮೂಲಕ ಕೊಡುವವರು ವಿಎಲ್‌ಸಿಯಲ್ಲೇ ಇದನ್ನು ಮಾಡಬಹುದು. (ಕನ್ವರ್ಟರ್ ಮೇಲಿನ '1080ಪಿ' ನೋಡಿ ಮರುಳಾಗಬೇಡಿ. ಟಿವಿ ತೋರಿಸುವುದು ತನ್ನ 625 ಗೆರೆಗಳ ಲೆಕ್ಕದಲ್ಲೇ.)

ನನಗೆ ಇಷ್ಟವಾದ ಉಪಾಯ ಇನ್ನೊಂದು. ಡಿವಿಡಿ ಪ್ಲೇಯರ್ ಹಿಂದೆ ಕೆಂಪು, ಹಸಿರು, ನೀಲಿ ಎಂಬ ಮೂರು ಕಾಂಪೊನೆಂಟ್ ಜಾಕ್ ಇದ್ದರೆ, ಹಸಿರಿನಿಂದ ಮಾತ್ರ ಒಂದು ವೈರ್ ತೆಗೆದು ಟಿವಿಯ ವಿಡಿಯೋ ಇನ್‌ಗೆ ಕೊಡಿ. ಅದರಲ್ಲಿ ಬರುವುದು ಬರೀ ಬೆಳಕಿನ ಸಿಗ್ನಲ್, ಬಣ್ಣ ಬೆರೆತಿರುವುದೇ ಇಲ್ಲ. ಪ್ಲೇಯರ್‌ನಲ್ಲಿ ಕಾಂಪೊನೆಂಟ್ ಔಟ್‌ಪುಟ್ ಆನ್ ಇರಲಿ, 'ಪ್ರೋಗ್ರೆಸಿವ್' ಬೇಡ, 'ಇಂಟರ್‌ಲೇಸ್' ಇರಲಿ. ಚಿತ್ರ ಮೇಲಕ್ಕೋ ಕೆಳಕ್ಕೋ ಉರುಳುತ್ತಿದ್ದರೆ ಎನ್‌ಟಿಎಸ್‌ಸಿ ಬದಲು ಪಾಲ್ ಆರಿಸಿ; ಆಮೇಲೂ ನಿಲ್ಲದಿದ್ದರೆ ವರ್ಟಿಕಲ್ ಹೋಲ್ಡ್ ಗುಂಡಿ ತಿರುಗಿಸಿ.

ಆಂಟೆನಾ ಸಾಕೆಟ್ ಮಾತ್ರ ಇರುವ ಸೆಟ್‌ಗೆ ನಡುವೆ ಆರ್‌ಎಫ್ ಮಾಡ್ಯುಲೇಟರ್ ಬೇಕು. ಆ ಹಸಿರು ಜಾಕ್‌ನ ವೈರನ್ನು ಅದರ ಹಳದಿ ಜಾಕ್‌ಗೆ ಕೊಡಬಹುದು. ಕೊಳ್ಳುವಾಗ ಎರಡು ವಿಷಯ ಕೇಳಿ: ಪಾಲ್-ಬಿ ಇದೆಯೇ, ವಿಎಚ್‌ಎಫ್ ಚಾನೆಲ್ ಕೊಡುತ್ತದೆಯೇ. ಅಮೆರಿಕದ ಮಾದರಿಯಾದರೆ ಚಿತ್ರ ಬಂದರೂ ಮಾತು ಸರಿಯಾಗಿ ಕೇಳಿಸದು.

ಒಳಗೇ ವೈರ್ ಬೆಸೆದು ವಿಡಿಯೋ ಇನ್ ಮಾಡಿಕೊಳ್ಳುವ ವಿಡಿಯೋಗಳನ್ನು ನೋಡಿ ಸೆಟ್ ಬಿಚ್ಚಬೇಡಿ. ಕೆಲವು ಹಳೆ ಸೆಟ್‌ಗಳ ಚಾಸಿಯೇ ನೇರ ಕರೆಂಟ್‌ಗೆ ಜೋಡಣೆಯಾಗಿರುತ್ತದೆ. ಪ್ಲಗ್ ತೆಗೆದ ಮೇಲೂ ಪಿಕ್ಚರ್ ಟ್ಯೂಬ್‌ನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಇನ್ನು ಹಳೆ ಟಿವಿಯೊಳಗೆ ಲಕ್ಷಾಂತರ ಬೆಲೆಯ 'ಕೆಂಪು ಪಾದರಸ' ಇದೆ ಎಂಬ ಫಾರ್ವರ್ಡ್ ಶುದ್ಧ ಸುಳ್ಳು. ಅದನ್ನು ಹುಡುಕಲೆಂದು ಟ್ಯೂಬ್ ಒಡೆದರೆ ಗಾಜು ಸಿಡಿದು ಗಾಯವಾಗುತ್ತದೆ, ಅಷ್ಟೇ.