ಹಲ್ಲುಜ್ಜಿದರೂ ಹೋಗದ ವಾಸನೆಯ ಗುಟ್ಟು ಮೂಗಿನಲ್ಲಿ!

ಸಂಡೂರಿನ ದೋಣಿಮಲೈ ದಾರಿಯಲ್ಲಿ ಅದಿರಿನ ಲಾರಿಯ ಹಿಂದೆ ಸ್ವಲ್ಪ ಹೊತ್ತು ಬೈಕಿನಲ್ಲಿ ಹೋಗಿ, ಬಿಳಿ ಕರ್ಚೀಫಿನಿಂದ ಮೂಗು ಒರೆಸಿ ನೋಡಿ. ಕೆಂಪು! ಗಾಬರಿ ಬೇಡ, ಅದು ರಕ್ತವಲ್ಲ, ಕಬ್ಬಿಣದ ಅದಿರಿನ ಧೂಳು. ಗಣಿ ಕಂಪನಿ ಎನ್‌ಎಂಡಿಸಿ ಇಲ್ಲಿ ಕೆಲಸ ಶುರು ಮಾಡಿದ್ದು 1977ರಲ್ಲಿ. ಈ ಧೂಳು ಸಂಡೂರಿನ ಜನಕ್ಕೆ ಹೊಸದೇನಲ್ಲ, ಒಣಹಾಕಿದ ಬಟ್ಟೆ ಸಂಜೆಗೆ ಯಾವ ಬಣ್ಣಕ್ಕೆ ತಿರುಗುತ್ತದೆ ಅಂತ ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಆ ಕೆಂಪು ಕಲೆಯ ಹಿಂದೆ ಎಂಥ ಯಂತ್ರ ಓಡುತ್ತಿದೆ ಗೊತ್ತೆ?

ಮೂಗಿನೊಳಗೆ ಕಣ್ಣಿಗೆ ಕಾಣದ ಕೂದಲುಗಳಿವೆ. ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬಡಿಯುತ್ತವೆ, ನಾವು ಮಲಗಿದಾಗಲೂ! ಅವುಗಳ ಮೇಲೆ ತೆಳ್ಳನೆಯ ಸಿಂಬಳದ ಹೊದಿಕೆ. ಗಣಿಯ ಕನ್ವೇಯರ್ ಬೆಲ್ಟ್ ಅದಿರು ಸಾಗಿಸಿದಂತೆ ಈ ಹೊದಿಕೆ ತನಗೆ ಅಂಟಿದ ಧೂಳನ್ನೆಲ್ಲ ಗಂಟಲ ಕಡೆ ಸಾಗಿಸುತ್ತದೆ. ನಾವು ಗೊತ್ತಿಲ್ಲದೇ ನುಂಗುತ್ತೇವೆ. ಹತ್ತು ಮೈಕ್ರಾನಿಗಿಂತ ದಪ್ಪ ಕಣಗಳು ಬಹುತೇಕ ಇಲ್ಲೇ ಸಿಕ್ಕಿಬೀಳುತ್ತವೆ. ಅದಕ್ಕಿಂತ ಸಣ್ಣವು ಕೆಳಗಿಳಿಯುತ್ತವೆ, ಹಾಗಾಗಿ ಮಾಸ್ಕ್ ಬೇಕೇ ಬೇಕು.

ಇನ್ನೂ ದೊಡ್ಡ ಅಚ್ಚರಿ ಕೆನ್ನೆಯ ಮೂಳೆಯೊಳಗಿದೆ. ನಮ್ಮ ಮುಖದಲ್ಲಿ ನಾಲ್ಕು ಜೋಡಿ ಸೈನಸ್‌ಗಳು, ಅಂದರೆ ಗಾಳಿ ತುಂಬಿದ ಪೊಳ್ಳು ಕೋಣೆಗಳು. ಕೆನ್ನೆಯ ಕೋಣೆಯ ಬಾಗಿಲು ಎಲ್ಲಿದೆ ಹೇಳಿ? ನೆಲದ ಹತ್ತಿರವಲ್ಲ, ಸೂರಿನ ಹತ್ತಿರ! ಒಳಗಿನ ಕಫವನ್ನು ಆ ಸಣ್ಣ ಕೂದಲುಗಳು ಗೋಡೆಗುಂಟ ಮೇಲಕ್ಕೇ ತಳ್ಳಬೇಕು. ಹಿಂದೆ ಶಸ್ತ್ರವೈದ್ಯರು ಕಫ ಸಲೀಸಾಗಿ ಇಳಿಯಲೆಂದು ಕೆಳಗೊಂದು ತೂತು ಕೊರೆಯುತ್ತಿದ್ದರು. ಆಸ್ಟ್ರಿಯಾದ ವಾಲ್ಟರ್ ಮೆಸ್ಸರ್‌ಕ್ಲಿಂಗರ್ ಎಂಡೋಸ್ಕೋಪ್ ಹಾಕಿ ನೋಡಿದರೆ, ಕಫ ಆ ಹೊಸ ತೂತನ್ನು ಬಿಟ್ಟು, ಸುತ್ತು ಹಾಕಿ ಹಳೇ ಬಾಗಿಲಿಗೇ ಹತ್ತಿ ಹೋಗುತ್ತಿತ್ತು!

ನೆಗಡಿ, ಅಲರ್ಜಿ, ಧೂಳಿನಿಂದ ಆ ಬಾಗಿಲು ಊದಿ ಮುಚ್ಚಿತೋ, ಕತೆ ಕೆಟ್ಟಿತು. ಒಳಗೆ ನಿಂತ ಕಫ ಕೊಳೆಯುತ್ತದೆ, ಗಂಟಲ ಹಿಂದೆ ತೊಟ್ಟಿಕ್ಕುತ್ತದೆ, ನಾಲಿಗೆಯ ಬುಡದಲ್ಲಿ ಕುಳಿತ ಬ್ಯಾಕ್ಟೀರಿಯಾಗಳಿಗೆ ಔತಣವಾಗುತ್ತದೆ. ಅವು ಹೊರಬಿಡುವ ಹೈಡ್ರೋಜನ್ ಸಲ್ಫೈಡ್‌ನದು ಕೊಳೆತ ಮೊಟ್ಟೆಯ ವಾಸನೆ. ಮೂಗು ಕಟ್ಟಿದವರು ರಾತ್ರಿಯೆಲ್ಲ ಬಾಯಿ ತೆರೆದೇ ಮಲಗುತ್ತಾರೆ, ಎಂಜಲು ಒಣಗಿ ವಾಸನೆ ಇನ್ನಷ್ಟು ಜೋರಾಗುತ್ತದೆ.

ಹಾಗಂತ ಎಲ್ಲ ಬಾಯಿವಾಸನೆಗೂ ಮೂಗನ್ನೇ ದೂರಬೇಡಿ. ಹೆಚ್ಚಿನದರ ಮೂಲ ನಾಲಿಗೆ ಮತ್ತು ಒಸಡು. ವಾಸನೆ ಬಾಯಿಯದೋ ಮೂಗಿನದೋ ಅಂತ ತಿಳಿಯುವ ಪರೀಕ್ಷೆಗೆ ನಯಾಪೈಸೆ ಖರ್ಚಿಲ್ಲ. ಮೂಗು ಹಿಡಿದು ಬಾಯಿಂದ ಉಸಿರು ಬಿಡಿ, ಆಮೇಲೆ ಬಾಯಿ ಮುಚ್ಚಿ ಮೂಗಿನಿಂದ ಬಿಡಿ. ಮನೆಯವರು ಹತ್ತಿರ ನಿಂತು ಮೂಸಬೇಕು. ಮೂಗಿನ ಉಸಿರೇ ನಾತ ಹೊಡೆದರೆ, ‘ರೀ, ಮೊದಲು ಮೂಗು ತೋರಿಸಿಕೊಂಡು ಬನ್ರಿ’ ಅಂತ ಅವರೇ ಹೇಳುತ್ತಾರೆ! ನಮ್ಮ ವಾಸನೆ ನಮಗೆ ತಿಳಿಯುವುದಿಲ್ಲ. ಓಝೀನಾ ಎಂಬ ಕಾಯಿಲೆಯಲ್ಲಂತೂ ಮೂಗಿನ ಒಳಪದರವೇ ಸೊರಗಿ ಹಕ್ಕಳೆ ಕಟ್ಟಿ ಮನೆಮಂದಿಯೆಲ್ಲ ಮೂಗು ಮುಚ್ಚಿಕೊಳ್ಳುತ್ತಾರೆ, ರೋಗಿಗೆ ಮಾತ್ರ ಏನೂ ಗೊತ್ತಾಗುವುದಿಲ್ಲ.

ಒಂದೇ ಹೊಳ್ಳೆಯಿಂದ ನಾತವೆ? ಮೇಲಿನ ದವಡೆ ಹಲ್ಲು ನೋಡಿಸಿ. ಅದರ ಬೇರು ಸೈನಸ್ಸಿನ ನೆಲಕ್ಕೆ ತಾಗಿಕೊಂಡೇ ಇರುತ್ತದೆ. ಹಲ್ಲು ಕೊಳೆತರೆ ಕೀವು ಮೇಲಕ್ಕೇರುತ್ತದೆ. ಮಕ್ಕಳಲ್ಲಾದರೆ ಬಟಾಣಿ, ಹುಣಸೆಬೀಜ, ಮಣಿ ಏನಾದರೂ ತೂರಿಕೊಂಡಿದೆಯೇ ಅಂತ ವೈದ್ಯರಿಂದಲೇ ನೋಡಿಸಿ, ನೀವು ಕೀಳಲು ಹೋಗಬೇಡಿ.

ಪರಿಹಾರದಲ್ಲೂ ವಿಸ್ಮಯವಿದೆ. ಹಠಯೋಗದ ಷಟ್ಕರ್ಮಗಳಲ್ಲಿ ಒಂದಾದ ನೇತಿಯ ಜಲರೂಪವನ್ನು, ಅಂದರೆ ಉಪ್ಪುನೀರಿನಿಂದ ಮೂಗು ತೊಳೆಯುವುದನ್ನು, ಇಂದಿನ ಇಎನ್‌ಟಿ ವೈದ್ಯರೂ ಹೇಳುತ್ತಾರೆ. ಅರ್ಧ ಲೀಟರ್ ನೀರಿಗೆ ಒಂದು ಸಣ್ಣ ಚಮಚ ಉಪ್ಪು. ತಲೆ ವಾಲಿಸಿ, ಬಾಯಿಂದ ಉಸಿರಾಡುತ್ತಾ ಗಿಂಡಿಯಿಂದ ಒಂದು ಹೊಳ್ಳೆಗೆ ಬಿಟ್ಟರೆ ಇನ್ನೊಂದರಿಂದ ಧೂಳಿನ ಕೆಂಪು ನೀರು ಇಳಿಯುತ್ತದೆ! ನೀರನ್ನು ಮಾತ್ರ ಕುದಿಸಿ ಆರಿಸಲೇಬೇಕು. ಅಮೆರಿಕದ ಲೂಸಿಯಾನಾದಲ್ಲಿ 2011ರಲ್ಲಿ ನಲ್ಲಿ ನೀರನ್ನೇ ಮೂಗಿಗೆ ಬಿಟ್ಟುಕೊಂಡ ಇಬ್ಬರು ಮಿದುಳು ತಿನ್ನುವ ಅಮೀಬಾಗೆ ಬಲಿಯಾದರು.

ಇನ್ನೊಂದು ಕೇಳಿ. ಸೈನಸ್‌ಗಳೊಳಗೆ ನೈಟ್ರಿಕ್ ಆಕ್ಸೈಡ್ ಅನಿಲ ತಯಾರಾಗುತ್ತದೆ. ಬಾಯಿ ಮುಚ್ಚಿ ‘ಮ್‌ಮ್’ ಅಂತ ಗುನುಗಿದರೆ ಮೂಗಿನಿಂದ ಬರುವ ಈ ಅನಿಲ ಹದಿನೈದು ಪಟ್ಟು ಏರುತ್ತದೆ ಅಂತ ಸ್ವೀಡನ್‌ನ ವಿಜ್ಞಾನಿಗಳು 2002ರಲ್ಲಿ ಅಳೆದು ತೋರಿಸಿದರು. ಸೈನಸ್ ಕೋಣೆಯ ಗಾಳಿ ಅಷ್ಟು ಜೋರಾಗಿ ಬದಲಾಗುತ್ತದೆ! ನಮ್ಮ ಭ್ರಾಮರಿ ಪ್ರಾಣಾಯಾಮ ಮಾಡುವುದೂ ಇದನ್ನೇ. ಇದೊಂದರಿಂದಲೇ ಸೈನಸ್ ವಾಸಿ ಮಾಡುತ್ತೇವೆ ಅನ್ನುವವರನ್ನು ಮಾತ್ರ ನಾನು ನಂಬಲಾರೆ. ಹನ್ನೆರಡು ವಾರ ಕಳೆದರೂ ಮೂಗು ಬಿಡದಿದ್ದರೆ, ರಕ್ತ ಕಂಡರೆ, ಸಂಡೂರಿನಲ್ಲೋ ಬಳ್ಳಾರಿಯಲ್ಲೋ ಇಎನ್‌ಟಿ ವೈದ್ಯರನ್ನು ಕಾಣಿ. ಕಣ್ಣಿನ ಸುತ್ತ ಊತ ಬಂದರೆ ಅಂದೇ ಹೊರಡಿ.