ಹಠಮಾರಿ ಹೆಪಟೈಟಿಸ್ ಸಿ: ಜೋಡಿ ಮಾತ್ರೆಗೆ ಮಣಿಯುವ ವೈರಸ್, ತಡವಾಗದಿರಲಿ ಪರೀಕ್ಷೆ

ಬೆಂಗಳೂರು: ಮಾತ್ರೆಯೊಂದಕ್ಕೆ ಒಂದು ಸಾವಿರ ಡಾಲರ್! 2013ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದಾಗ ಸೊಫೊಸ್ಬುವಿರ್ ಔಷಧಕ್ಕೆ ಇದ್ದ ಬೆಲೆ ಇದು. ಹೆಪಟೈಟಿಸ್ ಸಿ ರೋಗಿಯೊಬ್ಬರ 12 ವಾರಗಳ ಚಿಕಿತ್ಸೆಗೆ 84 ಸಾವಿರ ಡಾಲರ್ ತೆರಬೇಕಿತ್ತು.

ಮೂಲ ತಯಾರಕ ಕಂಪನಿ ಗಿಲಿಯಡ್ 2014ರ ಸೆಪ್ಟೆಂಬರ್‌ನಲ್ಲಿ ಭಾರತದ ಕಂಪನಿಗಳಿಗೆ ತಯಾರಿಕಾ ಪರವಾನಗಿ ನೀಡಲಾರಂಭಿಸಿದ ಮೇಲೆ ಚಿತ್ರಣ ಬದಲಾಯಿತು. ಬೆಂಗಳೂರಿನ ಸ್ಟ್ರೈಡ್ಸ್ ಆರ್ಕೋಲ್ಯಾಬ್ 2015ರಲ್ಲಿ 'ವಿರ್ಸೊ' ಹೆಸರಿನಲ್ಲಿ ಸೊಫೊಸ್ಬುವಿರ್ ಬಿಡುಗಡೆ ಮಾಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಬಯೋಕಾನ್, ಸೊಫೊಸ್ಬುವಿರ್ ಮತ್ತು ಲೆಡಿಪಸ್ವಿರ್ ಒಂದಾಗಿರುವ 'ಸಿಮಿವಿರ್-ಎಲ್' ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು.

ಔಷಧ ಮನೆ ಬಾಗಿಲಿಗೇ ಬಂದಿದ್ದರೂ ಪೀಣ್ಯದ ಯಂತ್ರಾಗಾರದ ಕಾರ್ಮಿಕನಿಗಾಗಲಿ, ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಉದ್ಯೋಗಿಗಾಗಲಿ ತನ್ನ ರಕ್ತದಲ್ಲಿ ಈ ವೈರಸ್ ಇದೆಯೆಂಬುದು ತಿಳಿಯದೇ ಹೋಗಬಹುದು. ಏಕೆಂದರೆ ರೋಗ ಹತ್ತಾರು ವರ್ಷ ಸದ್ದಿಲ್ಲದೆ ಇರುತ್ತದೆ. ದೀರ್ಘಕಾಲಿಕ ಸೋಂಕು ಇರುವವರಲ್ಲಿ ಶೇ 15ರಿಂದ 30ರಷ್ಟು ಮಂದಿಗೆ 20 ವರ್ಷಗಳೊಳಗೆ ಯಕೃತ್ತು ಗಟ್ಟಿಯಾಗುವ ಸಿರೋಸಿಸ್ ಬರುವ ಅಪಾಯವಿದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಎರಡು ಔಷಧ ಏಕೆ?

1989ರಲ್ಲಿ ಪತ್ತೆಯಾದ ಈ ವೈರಸ್ ತನ್ನ ನಕಲು ತೆಗೆಯುವಾಗ ಬಹಳ ತಪ್ಪು ಮಾಡುತ್ತದೆ. ಹಾಗೆ ಹುಟ್ಟುವ ರೂಪಾಂತರಗಳಲ್ಲಿ ಕೆಲವು ಒಂಟಿ ಔಷಧಕ್ಕೆ ಜಗ್ಗುವುದಿಲ್ಲ. ಆದ್ದರಿಂದ ಎರಡು ಕಡೆಯಿಂದ ದಾಳಿ ನಡೆಸಲಾಗುತ್ತದೆ. ಸೊಫೊಸ್ಬುವಿರ್ ವೈರಸ್ಸಿನ ನಕಲು ಯಂತ್ರವನ್ನೇ ನಿಲ್ಲಿಸಿದರೆ, ಡಕ್ಲಟಸ್ವಿರ್, ಲೆಡಿಪಸ್ವಿರ್, ವೆಲ್ಪಟಸ್ವಿರ್‌ಗಳು ಎನ್ಎಸ್5ಎ ಎಂಬ ಮತ್ತೊಂದು ಪ್ರೋಟೀನನ್ನು ಕಟ್ಟಿಹಾಕುತ್ತವೆ. ಹಿಂದಿನ ಇಂಟರ್‌ಫೆರಾನ್ ಚುಚ್ಚುಮದ್ದನ್ನು ಕೆಲವರು 48 ವಾರ ಜ್ವರ, ಖಿನ್ನತೆಗಳೊಂದಿಗೆ ಸಹಿಸಬೇಕಿತ್ತು. ಈಗಿನ ಮಾತ್ರೆಗಳಿಂದ ಶೇ 95ಕ್ಕೂ ಹೆಚ್ಚು ರೋಗಿಗಳು ಗುಣಮುಖರಾಗುತ್ತಾರೆ.

ಯಾವುದು ಕಠಿಣ?

ವೈರಸ್ಸಿನಲ್ಲಿ ಹಲವು ಪ್ರಭೇದಗಳಿವೆ. ಭಾರತದಲ್ಲಿ ಹೆಚ್ಚಾಗಿ ಕಾಣುವುದು ಮೂರನೇ ಪ್ರಭೇದ. ದಕ್ಷಿಣದಲ್ಲಿ ಒಂದನೆಯದೂ ಗಣನೀಯವಾಗಿದೆ. ಲೆಡಿಪಸ್ವಿರ್ ಜೋಡಿ ಒಂದನೇ ಪ್ರಭೇದಕ್ಕೆ ಚೆನ್ನಾಗಿ ಹೊಂದುತ್ತದೆ, ಮೂರನೆಯದಕ್ಕೆ ಅಷ್ಟಾಗಿ ಒಗ್ಗದು. ಎಲ್ಲ ಪ್ರಭೇದಗಳಿಗೂ ಸಲ್ಲುವ ವೆಲ್ಪಟಸ್ವಿರ್ ಜೋಡಿಗೆ ಮಹತ್ವ ಬಂದಿದ್ದು ಇದರಿಂದಲೇ. ಮೂರನೇ ಪ್ರಭೇದದ ಜೊತೆ ಸಿರೋಸಿಸ್ ಇರುವವರು ಮತ್ತು ಹಿಂದಿನ ಚಿಕಿತ್ಸೆ ಫಲಿಸದವರು ವೈದ್ಯರಿಗೆ ಸವಾಲಾಗುವ ರೋಗಿಗಳು.

2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಔಷಧ ಎರಡೂ ಉಚಿತ. ಸಿರೋಸಿಸ್ ಇಲ್ಲದವರಿಗೆ ಸೊಫೊಸ್ಬುವಿರ್-ಡಕ್ಲಟಸ್ವಿರ್ 12 ವಾರ, ಆರಂಭಿಕ ಸಿರೋಸಿಸ್ ಇದ್ದರೆ ಸೊಫೊಸ್ಬುವಿರ್-ವೆಲ್ಪಟಸ್ವಿರ್ 12 ವಾರ ಎಂಬುದು ಅದರ ಕ್ರಮ. ಹೊಟ್ಟೆಯಲ್ಲಿ ನೀರು ತುಂಬುವಷ್ಟು ಯಕೃತ್ತು ಸೋತಿದ್ದರೆ ಎರಡನೇ ಜೋಡಿಗೆ ರಿಬಾವಿರಿನ್ ಸೇರಿಸಲಾಗುತ್ತದೆ. ಅದು ಒಗ್ಗದಿದ್ದರೆ ಜೋಡಿಯನ್ನೇ 24 ವಾರ ಮುಂದುವರಿಸಲಾಗುತ್ತದೆ. ತಡವಾದಷ್ಟೂ ಚಿಕಿತ್ಸೆ ಜಟಿಲವಾಗುತ್ತದೆ ಎಂಬುದು ಇದರಿಂದ ಸ್ಪಷ್ಟ.

ಎಚ್ಚರ ಅಗತ್ಯ

* ಆಮ್ಲಪಿತ್ತದ ಕೆಲವು ಮಾತ್ರೆಗಳು ವೆಲ್ಪಟಸ್ವಿರ್ ರಕ್ತ ಸೇರುವುದನ್ನು ತಗ್ಗಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಸೊಫೊಸ್ಬುವಿರ್‌ನ ಪರಿಣಾಮ ಕುಗ್ಗಿಸುತ್ತದೆ. ಸೇವಿಸುತ್ತಿರುವ ಎಲ್ಲ ಔಷಧಗಳನ್ನೂ ವೈದ್ಯರಿಗೆ ತಿಳಿಸಬೇಕು.

* ಹೆಪಟೈಟಿಸ್ ಬಿ ಕೂಡ ಇದ್ದರೆ ಚಿಕಿತ್ಸೆಯ ವೇಳೆ ಅದು ಕೆರಳಬಹುದು. ಮೊದಲೇ ಅದರ ಪರೀಕ್ಷೆ ಆಗಬೇಕು.

* ರಿಬಾವಿರಿನ್‌ನಿಂದ ರಕ್ತಹೀನತೆ ಬರಬಹುದು. ಗರ್ಭಿಣಿಯರಿಗೆ ಇದು ನಿಷಿದ್ಧ.

* ಲವಲವಿಕೆ ಮರಳಿತೆಂದು ಮಾತ್ರೆ ನಿಲ್ಲಿಸಬಾರದು. ಚಿಕಿತ್ಸೆ ಮುಗಿದ 12 ವಾರಗಳ ನಂತರವೂ ವೈರಸ್ ಕಾಣದಿದ್ದರೆ ಮಾತ್ರ ಗುಣವಾದಂತೆ.

* ಸಿರೋಸಿಸ್ ಇದ್ದವರು ಗುಣವಾದ ಮೇಲೂ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಬೇಕು. ಯಕೃತ್ತಿನ ಕ್ಯಾನ್ಸರ್ ಭೀತಿ ಪೂರ್ತಿ ತೊಲಗಿರುವುದಿಲ್ಲ.

ಯಾರು ಪರೀಕ್ಷಿಸಿಕೊಳ್ಳಬೇಕು?

ರಕ್ತನಿಧಿಗಳಲ್ಲಿ ಹೆಪಟೈಟಿಸ್ ಸಿ ತಪಾಸಣೆ ಕಡ್ಡಾಯವಾದದ್ದು 2001ರಲ್ಲಿ. ಅದಕ್ಕೂ ಮೊದಲು ರಕ್ತ ಪಡೆದವರು, ಡಯಾಲಿಸಿಸ್ ರೋಗಿಗಳು, ಶುದ್ಧವಲ್ಲದ ಸೂಜಿಯಿಂದ ಚುಚ್ಚುಮದ್ದು ಅಥವಾ ಹಚ್ಚೆ ಹಾಕಿಸಿಕೊಂಡವರು, ಸೂಜಿ ಹಂಚಿಕೊಂಡು ಮಾದಕವಸ್ತು ಬಳಸಿದವರು ಒಮ್ಮೆ ಆ್ಯಂಟಿ-ಎಚ್‌ಸಿವಿ ಪರೀಕ್ಷೆ ಮಾಡಿಸುವುದು ಒಳಿತು. ಕಂಪನಿಗಳ ವಾರ್ಷಿಕ ಆರೋಗ್ಯ ತಪಾಸಣೆಯಲ್ಲಿ ಈ ಪರೀಕ್ಷೆ ಇದ್ದೇ ಇರುತ್ತದೆ ಎಂದು ಭಾವಿಸುವಂತಿಲ್ಲ. ಯಕೃತ್ತಿನ ಸಾಮಾನ್ಯ ಪರೀಕ್ಷೆಯ ಫಲಿತಾಂಶ ಸರಿಯಿದ್ದ ಮಾತ್ರಕ್ಕೆ ಸೋಂಕಿಲ್ಲ ಎಂದೂ ಅರ್ಥವಲ್ಲ.

ಕ್ಯಾಂಟೀನ್ ತಟ್ಟೆ, ಲೋಟ, ಕೈಕುಲುಕುವಿಕೆಯಿಂದ ಸೋಂಕು ಹರಡದು. ಆದ್ದರಿಂದ ಸೋಂಕಿತ ಸಹೋದ್ಯೋಗಿಯನ್ನು ದೂರವಿಡಲು ಕಾರಣವಿಲ್ಲ. ಒಂದೇ ಕೊಠಡಿಯಲ್ಲಿ ವಾಸಿಸುವವರು ರೇಜರ್, ಹಲ್ಲುಜ್ಜುವ ಬ್ರಷ್ ಹಂಚಿಕೊಳ್ಳದಿದ್ದರೆ ಸಾಕು. ಈ ರೋಗಕ್ಕೆ ಲಸಿಕೆ ಇಲ್ಲ. ಇರುವುದು ಸಕಾಲದ ಪರೀಕ್ಷೆ ಮತ್ತು ಅದರ ಬೆನ್ನಿಗೆ 12 ವಾರಗಳ ಮಾತ್ರೆ.