ನಿಮಗಿದು ಗೊತ್ತೆ? ಕೆಟ್ಟ ವಂಶವಾಹಿ ಹಾಗೇ ಉಳಿದರೂ ರೋಗ ಹಿಮ್ಮೆಟ್ಟುತ್ತದೆ!
ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ರಕ್ತನಾಳಗಳಲ್ಲಿ ಸಿಲುಕಿ ನೋವು ತರುವ ‘ಸಿಕಲ್ ಸೆಲ್’ ಎಂಬ ಆನುವಂಶಿಕ ಕಾಯಿಲೆಗೆ, 2023ರ ನವೆಂಬರಿನಲ್ಲಿ ಬ್ರಿಟನ್ ಮೊದಲು ಸಮ್ಮತಿಸಿದ ‘ಕ್ಯಾಸ್ಜೆವಿ’ ಚಿಕಿತ್ಸೆಯು ರೋಗಮೂಲವಾದ ವಂಶವಾಹಿಯನ್ನು ಮುಟ್ಟುವುದೇ ಇಲ್ಲ. ಗರ್ಭಸ್ಥ ಶಿಶುವಿಗೆ ಆಮ್ಲಜನಕ ಒದಗಿಸುವ ಭ್ರೂಣ ಹಿಮೋಗ್ಲೋಬಿನ್‌ನ ತಯಾರಿಕೆಯನ್ನು ಜನನಾನಂತರ ಅಡಗಿಸುವುದು ಬಿಸಿಎಲ್11ಎ ಎಂಬ ಬೇರೊಂದು ವಂಶವಾಹಿ. ರೋಗಿಯದೇ ಆಕರಕೋಶಗಳನ್ನು, ಅಂದರೆ ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶಗಳನ್ನು ಹೊರತೆಗೆದು, ಅವುಗಳಲ್ಲಿ ಆ ವಂಶವಾಹಿಯ ಚಾಲನಾ ಭಾಗವನ್ನು ಕ್ರಿಸ್ಪರ್ ಎಂಬ ಆಣ್ವಿಕ ಕತ್ತರಿಯಿಂದ ತುಂಡರಿಸಿ, ಕಿಮೊಥೆರಪಿಯಿಂದ ಹಳೆಯ ಅಸ್ಥಿಮಜ್ಜೆಯನ್ನು ತೆರವುಗೊಳಿಸಿದ ಮೇಲೆ ದೇಹಕ್ಕೆ ಮರಳಿಸಿದರೆ, ರಕ್ತಕಣಗಳು ಬಾಗದಂತೆ ತಡೆಯುವ, ಹುಟ್ಟುವ ಮೊದಲಿನ ಆ ಹಿಮೋಗ್ಲೋಬಿನ್ ವಯಸ್ಕರಲ್ಲೂ ಪುನಃ ಹರಿಯತೊಡಗುವುದು ನಿಜಕ್ಕೂ ವಿಸ್ಮಯ. ಅಮೆರಿಕದ ಔಷಧ ನಿಯಂತ್ರಕರು ಪರಿಶೀಲಿಸಿದ, ಈ ಚಿಕಿತ್ಸೆ ಪಡೆದ 31 ರೋಗಿಗಳ ಪೈಕಿ 29 ಮಂದಿಗೆ ಸತತ 12 ತಿಂಗಳು ತೀವ್ರ ನೋವಿನ ಬಾಧೆ ಕಾಣಿಸಿಕೊಳ್ಳಲಿಲ್ಲ.